ಮೊಣಕೈ ಅಳತೆ

ಬೀರೂರಿನಿಂದ ದಾವಣಗೆರೆಯತ್ತ ಸಾಗುವ ಹಳಿಗೆ ಚಿತ್ರದುರ್ಗ, ರಾಯದುರ್ಗದ ಕಡೆಯ ಹಳಿ ಬಂದು ಕೂಡುವುದು ಚಿಕ್ಕಜಾಜೂರಿನಲ್ಲಿ. ಜಂಕ್ಷನ್ ಊರಿನ ಮಕ್ಕಳಿಗೆ ರೈಲಿನ ಹುಚ್ಚು ಹತ್ತಲು ಯಾರೂ ಹೇಳಿಕೊಡಬೇಕಾಗಿಲ್ಲ. ಖಾಲಿ ಬೆಂಕಿಪೊಟ್ಟಣಗಳನ್ನು ದಾರಕ್ಕೆ ಪೋಣಿಸಿ ಎಳೆಯುವಲ್ಲಿಂದ ಅದು ಶುರುವಾಗುತ್ತದೆ, ಕೆಲವರಲ್ಲಿ ತಲೆ ನರೆತ ಮೇಲೂ ಉಳಿಯುತ್ತದೆ. ಅಂಥವರ ಕೈಯಲ್ಲಿ ಅರಳುವ ಕಲೆ ಮಾದರಿ ರೈಲು. ಹಲಗೆಯ ಮೇಲೆ ಹಳಿ, ನಿಲ್ದಾಣ, ಸಿಗ್ನಲ್, ಗುಡ್ಡ, ಅಡಿಕೆ ತೋಟ ಎಲ್ಲವೂ ಒಂದೇ ಪ್ರಮಾಣದಲ್ಲಿ ಕಿರಿದಾಗಿ ಬಂದು ಕೂರುತ್ತವೆ. ಪುಣೆಯಲ್ಲಿ ಜೋಶಿ ಎಂಬುವರು 1998ರಲ್ಲಿ ತೆರೆದ ಪುಟ್ಟ ರೈಲುಗಳ ಸಂಗ್ರಹಾಲಯವನ್ನು ನೋಡಿದವರಿಗೆ ಇದರ ಸೊಗಸು ಗೊತ್ತು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 87ಕ್ಕೆ 1. ಆ ಲೆಕ್ಕದಲ್ಲಿ ಐದೂವರೆ ಅಡಿಯ ಪ್ರಯಾಣಿಕ ಎರಡು ಸೆಂಟಿಮೀಟರಿಗೂ ಕಡಿಮೆ. 22 ಮೀಟರ್ ಉದ್ದದ ಬೋಗಿ ಒಂದು ಗೇಣಿಗಿಂತ ತುಸು ಹೆಚ್ಚು. ಅರ್ಧ ಕಿಲೋಮೀಟರಿನ ಪ್ಲಾಟ್‌ಫಾರಂ ಬೇಕೆಂದರೆ ಮಾತ್ರ ಸುಮಾರು 19 ಅಡಿ ಜಾಗ ಬೇಕು, ಎಷ್ಟೋ ಮನೆಗಳ ಪಡಸಾಲೆಯೂ ಸಾಲದು. ಆದ್ದರಿಂದ ಕಟ್ಟುವವರು ಉದ್ದವನ್ನು ಮೊಟಕು ಮಾಡಿಕೊಳ್ಳುತ್ತಾರೆ.

ಉದ್ದದ ಬಗ್ಗೆ ಇಷ್ಟು ಲೆಕ್ಕ ಹಾಕುವವರು ಹಲಗೆಯ ಎತ್ತರದ ಬಗ್ಗೆ ಯೋಚಿಸುವುದು ಅಪರೂಪ. ಮೊದಲ ಸಲ ಕಟ್ಟುವವರು ಅದನ್ನು ನೆಲದ ಮೇಲೋ ಊಟದ ಮೇಜಿನ ಮೇಲೋ ಹರಡಿಬಿಡುತ್ತಾರೆ. ನಿಂತು ನೋಡಿದರೆ ನಿಲ್ದಾಣದ ಚಾವಣಿಗಳೇ ಕಾಣುತ್ತವೆ, ಕೂತು ಕಟ್ಟಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಅದೇ ಹಲಗೆಯನ್ನು ನಾಲ್ಕಡಿಗೆ ಏರಿಸಿ ನೋಡಿ. ರೈಲು ನಮ್ಮ ಕಣ್ಣಿನ ಸಮೀಪಕ್ಕೆ ಬರುತ್ತದೆ, ತಿರುವಿನಲ್ಲಿ ಎಂಜಿನ್ನು ಮುಖ ತೋರಿಸುತ್ತದೆ, ಪ್ಲಾಟ್‌ಫಾರಂ ಮೇಲೆ ಕಾದು ನಿಂತವರಿಗೆ ಕಾಣುವಂತೆಯೇ ನಮಗೂ ಕಾಣುತ್ತದೆ. ಆದರೆ ಆ ಎತ್ತರದಲ್ಲಿ ಪುಟ್ಟ ಹುಡುಗಿಗೆ ಕಾಣುವುದು ಹಲಗೆಯ ಅಂಚು ಮಾತ್ರ; ಅವಳಿಗೊಂದು ಗಟ್ಟಿ ಸ್ಟೂಲು ಬೇಕು. ನಿಲ್ಲಲಾಗದ ಅಜ್ಜನೂ ಆಟಕ್ಕೆ ಸೇರಬೇಕೆಂದರೆ ಕುರ್ಚಿಯಲ್ಲಿ ಕೂತು ಮಾಡುವಂತೆ ಎರಡೂವರೆ ಅಡಿಗೇ ನಿಲ್ಲಿಸಬೇಕು. ಹಲಗೆಯ ಅಗಲವೂ ತೋಳಿಗೆ ಎಟುಕುವಷ್ಟೇ ಇರಬೇಕು. ಎರಡೂವರೆ ಅಡಿ ದಾಟಿದರೆ, ಹಿಂದಿನ ಹಳಿಯಲ್ಲಿ ಉರುಳಿದ ಬೋಗಿಯನ್ನು ಎತ್ತಿ ನಿಲ್ಲಿಸಲು ಹೋದ ಕೈ ಮುಂದಿನ ಸಿಗ್ನಲ್ ಕಂಬವನ್ನು ಮುರಿಯುತ್ತದೆ. ವೈರುಗಳೆಲ್ಲ ಹೆಚ್ಚಾಗಿ ಹಲಗೆಯ ಅಡಿಯಲ್ಲೇ ಇರುವುದರಿಂದ, ಕೆಳಗೆ ಮಣೆ ಹಾಕಿ ಕೂತವರ ತಲೆಗೆ ತಾಗದಷ್ಟು ಜಾಗವನ್ನೂ ಬಿಡಬೇಕು. ಇದನ್ನೆಲ್ಲ ಬಡಗಿಗೆ ಮೊದಲೇ ಹೇಳಿದರೆ ಖರ್ಚೇನೂ ಹೆಚ್ಚುವುದಿಲ್ಲ. ಕಾಲು ಕತ್ತರಿಸಿ ಆದಮೇಲೆ ಹೇಳಿ ಪ್ರಯೋಜನವಿಲ್ಲ.

ನಿಜವಾದ ನಿಲ್ದಾಣಕ್ಕೂ ಇದೇ ಮಾತು ಸಲ್ಲುತ್ತದೆ. ನಮ್ಮ ರೈಲ್ವೆಯಲ್ಲಿ ಪ್ಲಾಟ್‌ಫಾರಂಗಳು ಮೂರು ಬಗೆ. ಎತ್ತರದ್ದು ಹಳಿಯ ಮಟ್ಟದಿಂದ 76ರಿಂದ 84 ಸೆಂಟಿಮೀಟರ್, ಮಧ್ಯಮದ್ದು 45.5 ಸೆಂಟಿಮೀಟರ್, ಇನ್ನೊಂದು ಹಳಿಯ ಮಟ್ಟದಲ್ಲೇ ಇರುವುದು. ಬೋಗಿಯ ನೆಲ ನಾಲ್ಕಡಿಗೂ ಮೇಲಿರುತ್ತದೆ. ಎತ್ತರದ ಪ್ಲಾಟ್‌ಫಾರಂನಲ್ಲಿ ಒಂದು ಹೆಜ್ಜೆ ಎತ್ತಿಟ್ಟರೆ ಒಳಗೆ. ಹಳಿಮಟ್ಟದ್ದರಲ್ಲಿ ಅದು ಏಣಿ ಹತ್ತಿದಂತೆ. ಮಂಡಿನೋವಿನ ತಾಯಿಯೊಬ್ಬರು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಕಂಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಹಿಂದಿನಿಂದ ಮಗ ಆನಿಸಿಕೊಟ್ಟಾಗ ಮೇಲೇರುವುದನ್ನು ಸಣ್ಣ ನಿಲ್ದಾಣಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಮಾದರಿ ಕಟ್ಟುವ ಹುಡುಗ ತನ್ನ ಪ್ಲಾಟ್‌ಫಾರಂಗೆ ರಟ್ಟಿನ ಪಟ್ಟಿ ಅಂಟಿಸುವಾಗ ಒಂದು ಮಿಲಿಮೀಟರ್ ತಗ್ಗಿಸಿದರೆ, ನಿಜದಲ್ಲಿ ಅದು ಎಂಟೂಮುಕ್ಕಾಲು ಸೆಂಟಿಮೀಟರ್‌ನಷ್ಟಾಗುತ್ತದೆ. ಆ ತಾಯಿಯ ಮಂಡಿಗೆ ಅಷ್ಟೂ ಭಾರವೇ. ಇದನ್ನು ಕೈಯಾರೆ ಅಳೆದು ತಿಳಿದ ಹುಡುಗ ನಾಳೆ ಎಂಜಿನಿಯರಾದರೂ ಮೇಸ್ತ್ರಿಯಾದರೂ ಮೆಟ್ಟಿಲು ಕಟ್ಟುವಾಗ ಮುದುಕರನ್ನು ನೆನೆಯುತ್ತಾನೆ.

ಉಪಕಾರವೆಂದರೆ ದಾನ, ಸಾಂತ್ವನ ಎಂದಷ್ಟೇ ನಾವು ತಿಳಿಯುತ್ತೇವೆ. ಸರಿಯಾದ ಎತ್ತರವೂ ಉಪಕಾರವೇ, ಅದೂ ನಿತ್ಯ ನಡೆಯುವ ಉಪಕಾರ. ಅಡುಗೆ ಕಟ್ಟೆಯನ್ನು ಮೇಸ್ತ್ರಿ ತನ್ನ ರೂಢಿಯಂತೆ ಕಟ್ಟಿ ಹೋಗುತ್ತಾನೆ. ಅದರ ಮುಂದೆ ಇಪ್ಪತ್ತು ಮೂವತ್ತು ವರ್ಷ ನಿಂತು ಚಪಾತಿ ಲಟ್ಟಿಸುವವರನ್ನು ಒಮ್ಮೆಯೂ ಕರೆದು ಕೇಳಿರುವುದಿಲ್ಲ. ಅವರನ್ನು ನೇರವಾಗಿ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಅದಕ್ಕಿಂತ ನಾಲ್ಕಾರು ಇಂಚು ಕೆಳಗೆ ಗುರುತು ಮಾಡಿದರೆ ಸಾಕು, ಅದೇ ಅವರ ಕಟ್ಟೆ. ಶೌಚಾಲಯದ ಹಿಡಿಕೆ, ಸ್ವಿಚ್ಚು, ಬಟ್ಟೆ ಒಣಹಾಕುವ ತಂತಿ, ಮಗು ಓದುವ ಮೇಜು, ಕೊನೆಗೆ ಮಕ್ಕಳ ಆಟದ ರೈಲು, ಎಲ್ಲಕ್ಕೂ ಇದೇ ನ್ಯಾಯ. ಮನೆಯಲ್ಲಿ ಯಾವುದನ್ನೇ ಕಟ್ಟಿಸುವಾಗ, ಮೊಳೆ ಹೊಡೆಯುವ ಮೊದಲು ಅದನ್ನು ದಿನವೂ ಬಳಸುವವರನ್ನು ಕರೆದು ನಿಲ್ಲಿಸಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಳ್ಳೋಣ. ಅದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕಾಗದು.