ಮುಳ್ಳು 'ಫುಲ್' ಎನ್ನುತ್ತಿದೆ, ಟ್ಯಾಂಕು?

ಇಂದಿನ ಧಮ್ಮ ಚಿಂತನೆ


ಚಾಮರಾಜಪೇಟೆಯಿಂದ ಜೆ.ಸಿ. ರಸ್ತೆಯ ಕಡೆ ನಡೆದರೆ ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳ ಸಾಲು. ಹಳೆಯ ಲಾರಿ ಇಟ್ಟುಕೊಂಡವರು ಹುಡುಕಿಕೊಂಡು ಬರುವ ಜಾಗ ಅದು. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಝ್ ಜೊತೆ ಸೇರಿ ಲಾರಿ ತಯಾರಿಸಿದರು. ಅಂಥ ಹಳೆಯ ಗಾಡಿಗಳಲ್ಲಿ ಆಗಾಗ ಕೈಕೊಡುವುದು ಡೀಸೆಲ್ ಮೀಟರ್.

ಅದರ ಕೆಲಸ ಸರಳ. ಟ್ಯಾಂಕಿನೊಳಗೆ ತೇಲುವ ಬುರುಡೆಯೊಂದು ಡೀಸೆಲ್ ಜೊತೆ ಏರಿಳಿಯುತ್ತದೆ. ಅದಕ್ಕೆ ತಕ್ಕಂತೆ ವಿದ್ಯುತ್ತಿಗೆ ತಡೆ ಹೆಚ್ಚು ಕಡಿಮೆಯಾಗುತ್ತದೆ. ವೈರು ಆ ಸುದ್ದಿಯನ್ನು ಮೀಟರಿಗೆ ಒಯ್ಯುತ್ತದೆ. ಅಂದರೆ ಮುಳ್ಳು ಡೀಸೆಲನ್ನು ಕಂಡೇ ಇಲ್ಲ, ಬಂದ ಸುದ್ದಿಯನ್ನಷ್ಟೇ ಹೇಳುತ್ತದೆ.

ಬಲ್ಲ ಮೆಕ್ಯಾನಿಕ್ ಬಂದ ಕೂಡಲೇ ಮೀಟರ್ ಬದಲಿಸಿ ಎನ್ನುವುದಿಲ್ಲ. ಮೊದಲು ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡುತ್ತಾನೆ. ಆಮೇಲೆ ಟ್ಯಾಂಕಿನ ವೈರು ಬಿಚ್ಚಿ ತುದಿಯನ್ನು ಚಾಸಿಗೆ ಮುಟ್ಟಿಸುತ್ತಾನೆ. ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ಮೀಟರೂ ವೈರೂ ಸರಿ ಇವೆ, ದೋಷ ಟ್ಯಾಂಕಿನ ಕಡೆಯದು. ಎಷ್ಟೋ ಸಲ ಅರ್ಥಿಂಗ್ ಜಾಗದ ತುಕ್ಕು ಉಜ್ಜಿದರೆ ಸಾಕು.

ಕಾಲಾಮರಿಗೆ ಬುದ್ಧರು ತೋರಿದ್ದು ಇದೇ ದಾರಿ. ಪರಂಪರೆ ಹೇಳಿತೆಂದು, ಗ್ರಂಥದಲ್ಲಿದೆಯೆಂದು, ಗುರು ನುಡಿದರೆಂದು ಒಪ್ಪಬೇಡಿ, ಹಿತವೋ ಅಹಿತವೋ ನೀವೇ ಕಂಡುಕೊಳ್ಳಿ ಎಂದರು. ನಮ್ಮ ಅಭಿಪ್ರಾಯಕ್ಕೆ ಒಗ್ಗುತ್ತದೆ ಎಂಬ ಕಾರಣಕ್ಕೂ ಒಪ್ಪಬೇಡಿ ಎಂದರು. ಈ ಕೊನೆಯ ಮಾತನ್ನು ನಾವು ಬೇಗ ಮರೆಯುತ್ತೇವೆ.

ಜಾತಿಯೆಂಬ ಮೀಟರ್ ಶತಮಾನಗಳ ಕಾಲ ನಮ್ಮನ್ನು 'ಖಾಲಿ' ಎಂದು ತೋರಿಸಿತು. ಅದನ್ನು ನಂಬಿದವರು ಟ್ಯಾಂಕಿನ ಮುಚ್ಚಳ ತೆಗೆದು ನೋಡಲಿಲ್ಲ. ಕೆಟ್ಟಿರುವುದು ಮೀಟರ್ ಎಂದು ಬಾಬಾಸಾಹೇಬರು ತೋರಿಸಿಕೊಟ್ಟರು.

ಖಾಲಿ ಎನ್ನುವ ಮುಳ್ಳನ್ನು ಯಾರಾದರೂ ಅನುಮಾನಿಸುತ್ತಾರೆ. ಫುಲ್ ಎನ್ನುವ ಮುಳ್ಳನ್ನು? ದಾರಿಯಲ್ಲಿ ಗಾಡಿ ನಿಲ್ಲಿಸುವುದು ಅದೇ. ಡೀಸೆಲ್ ಪೂರ್ತಿ ಮುಗಿದರೆ ಪೈಪಿಗೆ ಗಾಳಿ ಸೇರುತ್ತದೆ. ಹಳೆಯ ಲಾರಿಯಾದರೆ, ಮತ್ತೆ ಡೀಸೆಲ್ ತುಂಬಿದರೂ ಗಾಳಿ ತೆಗೆಯುವ ತನಕ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ನಾವೂ ಸ್ವೀಕರಿಸಿದ್ದೇವೆ. ಮನೆಯಲ್ಲಿ ಬುದ್ಧರ ಮೂರ್ತಿ ಇದೆ, ಹುಣ್ಣಿಮೆಗೆ ವಂದನೆ ತಪ್ಪಿಲ್ಲ. ಮುಳ್ಳು ಫುಲ್. ಇಳಿಸಿ ನೋಡಬೇಕಾದ ಕಡ್ಡಿ ಯಾವುದು? 1936ರ 'ಜಾತಿ ವಿನಾಶ'ದಲ್ಲಿ ಅವರೇ ಅದನ್ನು ಕೊಟ್ಟಿದ್ದಾರೆ: ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ವಿವಾಹ. ಮಗಳಿಗೆ ಸಂಬಂಧ ಬಂದಾಗ 'ಅವರು ಎಡಗೈಯವರೋ ಬಲಗೈಯವರೋ' ಎಂಬ ಮಾತು ನಮ್ಮ ಮನೆಯಲ್ಲಿ ಬರುತ್ತದೆಯೇ, ಇಲ್ಲವೇ?

'ನಮ್ಮನ್ನು ದೂರಲು ಹೊರಗಿನವರೇ ಸಾಕಷ್ಟಿದ್ದಾರೆ, ನಾವೂ ಯಾಕೆ?' ಎಂದು ಕೆಲವರು ಕೇಳುತ್ತಾರೆ. ಆ ನೋವು ನಿಜ. ಆದರೆ ಅವರು ಅಳೆದದ್ದು ನಮ್ಮನ್ನು ಕೀಳೆನ್ನಲು. ನಾವು ಅಳೆದುಕೊಳ್ಳುವುದು ಹೊರಟ ಊರು ತಲುಪಲು. ಇವೆರಡೂ ಒಂದೇ ಅಲ್ಲವೆಂದು ನಾನು ನಂಬಿದ್ದೇನೆ.

ಈ ಭಾನುವಾರ ಮನೆಯವರೆಲ್ಲ ಕುಳಿತು ಈ ಒಂದು ಪ್ರಶ್ನೆಯನ್ನು ಮಾತಾಡೋಣ. ಸಿಕ್ಕ ಉತ್ತರ ಹಿತವೆನಿಸದಿದ್ದರೆ ನಮ್ಮ ದೀಕ್ಷೆ ಸುಳ್ಳೆಂದು ಅರ್ಥವಲ್ಲ. ತುಕ್ಕು ಎಲ್ಲಿದೆ ಎಂದು ಗೊತ್ತಾಯಿತು, ಇನ್ನು ಉಜ್ಜಬಹುದು.

ಜೈಭೀಮ್. ನಮೋ ಬುದ್ಧಾಯ.