ಮೇಲಂಗಿಯೂ ಪುಸ್ತಕಗಳೂ
(2 ತಿಮೊಥೆಯನಿಗೆ 4:13)



ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಒಂದು ಚಿಕ್ಕ ಬೇಡಿಕೆಯುಂಟು. ತನ್ನ ಮರಣವು ಸಮೀಪಿಸಿತೆಂದು ಅವನು ಬಲ್ಲವನಾಗಿದ್ದನು; ಚಳಿಗಾಲವೂ ಹತ್ತಿರವಾಗಿತ್ತು. ಆಗ ಅವನು ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತರಹೇಳಿದನು. ಅದರ ಸಂಗಡ ಪುಸ್ತಕಗಳನ್ನೂ ತರಹೇಳಿದನು. ಚಳಿಯಲ್ಲಿ ಮೈಗೆ ಹೊದಿಕೆ ಬೇಕಾದಂತೆ ಆತ್ಮಕ್ಕೆ ಓದು ಬೇಕೆಂಬದನ್ನು ಇದರಿಂದ ಕಲಿಯುತ್ತೇವೆ.

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯ ನಮ್ಮ ಮನೆಗಳ ಸಂಗತಿ ಏನು? ಸತ್ಯವೇದವು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿರುವದು. ಓದೆಂದರೆ ಅನೇಕ ದೊಡ್ಡವರು, “ಚಿಕ್ಕಂದಿನಲ್ಲಿ ಕಲಿತೆವು, ಗುದ್ದಲಿ ಹಿಡಿದ ಮೇಲೆ ಅಕ್ಷರ ಮರೆತುಹೋಯಿತು, ಈ ವಯಸ್ಸಿನಲ್ಲಿ ಇನ್ನೇನು?” ಅನ್ನುತ್ತಾರೆ. ಓದದೆ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವನು ಹೊಲವನ್ನು ಕಳಕೊಂಡಾನು. ಓದದೆ ನಂಬಿದವನು ಯಾವನೋ ಬಂದು ಹೇಳಿದ ಮಾತನ್ನೇ ದೇವರ ಮಾತೆಂದು ತಿಳಿದು ಮೋಸಹೋದಾನು.

ಇಂಗ್ಲೆಂಡಿನಲ್ಲಿ ಜಾನ್ ಬನ್ಯನ್ ಎಂಬವನು ಹಳೆಯ ಪಾತ್ರೆಗಳನ್ನು ಸರಿಮಾಡಿ ಜೀವಿಸುವ ಬಡವನಾಗಿದ್ದನು. ಬಾಲ್ಯದಲ್ಲಿ ಕಲಿತ ಅಕ್ಷರಗಳನ್ನು ಅವನೂ ಬಹುಮಟ್ಟಿಗೆ ಮರೆತಿದ್ದನು. ಅವನು ಮದುವೆಯಾದಾಗ ಆ ಮನೆಯಲ್ಲಿ ಪಾತ್ರೆಪಡಗಗಳೂ ಇರಲಿಲ್ಲ. ಆದರೆ ಹೆಂಡತಿಯು ತವರಿನಿಂದ ಎರಡು ಭಕ್ತಿಯ ಪುಸ್ತಕಗಳನ್ನು ತಂದಿದ್ದಳು. ಗಂಡಹೆಂಡಿರು ಅವುಗಳನ್ನು ಜೊತೆಯಾಗಿ ಓದಿದರು. ಬಳಿಕ ಅವನು ಸುವಾರ್ತೆಯ ನಿಮಿತ್ತ ಹನ್ನೆರಡು ವರುಷ ಸೆರೆಯಲ್ಲಿದ್ದನು. 1678ರಲ್ಲಿ ಅವನು ಪ್ರಕಟಿಸಿದ ಗ್ರಂಥವೇ, 1847ರಲ್ಲಿ ಮಂಗಳೂರಿನ ಬಾಸೆಲ್ ಮಿಷನಿನವರಿಂದ ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ಬಂದಿತು. ಮರೆತ ಅಕ್ಷರವು ತಿರಿಗಿ ಬರುವದೆಂಬದಕ್ಕೆ ಅವನೇ ಸಾಕ್ಷಿ.

ಕಪಿಲೆಯು ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಾಲುವೆ ತುಂಬಿ ಹರಿದರೂ ತೂಬು ಎತ್ತದವನ ಗದ್ದೆ ಒಣಗುವದು. ಬಳ್ಳಾರಿಯ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಪ್ರಯಾಸಪಟ್ಟದ್ದರಿಂದ 1831ರಲ್ಲಿ ಸತ್ಯವೇದವು ಪೂರ್ಣವಾಗಿ ಕನ್ನಡಕ್ಕೆ ಬಂದಿತು. ನೀರು ಬಂದಾಯಿತು, ತೂಬು ಎತ್ತುವ ಕೆಲಸ ನಮ್ಮದು.

ಏನನ್ನು ಓದೋಣ? ಮೊದಲು ಮಾರ್ಕನ ಸುವಾರ್ತೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಹದಿನಾರೇ ಅಧ್ಯಾಯಗಳು. ಆಮೇಲೆ ಕೀರ್ತನೆಗಳು, ದುಃಖದಲ್ಲಿರುವವನಿಗೆ ಅಲ್ಲಿ ಮಾತು ದೊರಕುವದು. ಮೂರನೆಯದಾಗಿ ಯಾತ್ರಿಕನ ಸಂಚಾರ; ಕಥೆಯಾದದರಿಂದ ಕೇಳುವವರಿಗೆ ಬೇಸರವಾಗದು. ಹೊರೆ ಹೊತ್ತು ನಡೆಯುವ ಆ ಯಾತ್ರಿಕನಲ್ಲಿ ಹೊರೆ ಹೊತ್ತು ಬಲ್ಲ ನಾವು ನಮ್ಮನ್ನೇ ಕಾಣುವೆವು.

ಹೇಗೆ ಓದೋಣ? ರಾತ್ರಿ ಊಟವಾದ ಮೇಲೆ ದಿನಕ್ಕೆ ಹತ್ತು ವಚನ ಸಾಕು. ಶಾಲೆಗೆ ಹೋಗುವ ಮಗಳು ಗಟ್ಟಿಯಾಗಿ ಓದಲಿ. ಅಪ್ಪನೂ ಅವ್ವನೂ ಬೆರಳಿಟ್ಟು ಹಿಂಬಾಲಿಸಲಿ. ಮಗುವಿನಿಂದ ಕಲಿಯುವದು ಅವಮಾನವಲ್ಲ. ಐಥಿಯೋಪ್ಯದ ಕಂಚುಕಿಯು ರಾಣಿಯ ಬೊಕ್ಕಸಕ್ಕೆ ಅಧಿಪತಿಯಾಗಿದ್ದರೂ, ಓದಿದ್ದು ತಿಳಿಯಲಿಲ್ಲವೆಂದು ದಾರಿಹೋಕನಾದ ಫಿಲಿಪ್ಪನಿಗೆ ಹೇಳಲು ನಾಚಲಿಲ್ಲ. ಅವನನ್ನು ರಥದಲ್ಲಿ ಹತ್ತಿಸಿಕೊಂಡು ಕೇಳಿ ತಿಳಿದನು. ಸಂತೋಷದಿಂದ ತನ್ನ ದಾರಿ ಹಿಡಿದನು.

ಆದಕಾರಣ ಪ್ರಿಯರೇ, ಈ ರಾತ್ರಿಯೇ ಗೂಡಿನ ಬಟ್ಟೆಯನ್ನು ಬಿಚ್ಚೋಣ. ನಮ್ಮ ಕಣ್ಣುಗಳನ್ನು ತೆರೆಯುವಾತನು ಕರ್ತನೇ. ಆತನ ಕೃಪೆಯು ನಮ್ಮೆಲ್ಲರ ಸಂಗಡ ಇರಲಿ. ಆಮೆನ್.