ಹೊಳೆಯ ಪಾಠವೂ ಮನೆಯ ಸತ್ಯವೂ

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಅನೇಕ ಮನೆಗಳಲ್ಲಿ ಒಂದು ಸಣ್ಣ ಗಲಿಬಿಲಿ ಉಂಟಾಗುವದು ನಿಮಗೆಲ್ಲರಿಗೂ ತಿಳಿದದ್ದೇ. ನಾಲ್ಕನೆಯ ಇಲ್ಲವೆ ಐದನೆಯ ತರಗತಿಯ ಮಗುವು ಶಾಲೆಯಿಂದ ಬಂದು, "ನಮ್ಮ ಊರಿನ ಹೊಳೆಯ ವಿಷಯವಾಗಿ ಬರೆದುಕೊಂಡು ಬರಬೇಕಂತೆ. ಅದು ಎಲ್ಲಿ ಹುಟ್ಟುವದು, ಅದರಲ್ಲಿ ಯಾವ ಯಾವ ಜೀವಿಗಳು ಇರುವವು, ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು ಹಿರಿಯರನ್ನು ಕೇಳಿ ಬರೆಯಬೇಕಂತೆ," ಎಂದು ಹೇಳುವದು. ಆಗ ಅಣ್ಣನು ಮೊಬೈಲಿನಿಂದ ಹತ್ತು ಸಾಲು ತೆಗೆದುಕೊಡುವನು. ಅಕ್ಕನು ಅಂದವಾಗಿ ಚಿತ್ರ ಬರೆದುಕೊಡುವಳು. ತಂದೆಯು ಅಕ್ಷರದೋಷಗಳನ್ನು ತಿದ್ದುವನು. ಮಗುವೋ ನಿದ್ದೆಹೋಗಿರುವದು. ಮರುದಿನ ಪುಸ್ತಕಕ್ಕೆ ಒಳ್ಳೆಯ ಅಂಕವು ಸಿಕ್ಕುವದು. ಹೊಳೆಯು ಮಾತ್ರ ಮನೆಯ ಹಿಂದೆ ಎಂದಿನಂತೆ ಹರಿಯುತ್ತಿರುವದು. ಅದನ್ನು ನೋಡಲು ಯಾರೂ ಹೋಗಲಿಲ್ಲ.

ಇದರಲ್ಲಿ ತಪ್ಪೇನು ಎಂದು ಕೆಲವರು ಕೇಳಬಹುದು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ನಮ್ಮ ಎಣಿಕೆಯನ್ನು ಕೆಡಿಸಿದ ಒಂದು ಸಂಗತಿಯನ್ನು ಮರೆಮಾಡದೆ ಇಲ್ಲಿ ಹೇಳುತ್ತೇವೆ.

ನಾವಿರುವದು ನೇತ್ರಾವತಿಯ ದಡದಲ್ಲಿ. ಕೆಲವು ವರುಷಗಳ ಹಿಂದೆ ನಮ್ಮ ಮನೆಯ ಹುಡುಗಿಯೊಬ್ಬಳಿಗೆ ಇಂಥದೇ ಪಾಠವು ಬಂತು. ಅವಳು ಯಾರ ಸಹಾಯವನ್ನೂ ಬೇಡದೆ ಒಂದು ಪುಟವನ್ನು ತಾನೇ ಬರೆದಳು. ಹೊಳೆಯ ನೀರು ಮಳೆಗಾಲದಲ್ಲಿ ಕೆಂಪಗೂ ಚಳಿಗಾಲದಲ್ಲಿ ಹಸುರಾಗಿಯೂ ಇರುತ್ತದೆಂದೂ, ಮೀನುಗಳು ಮೊದಲಿನಷ್ಟು ಸಿಕ್ಕುವದಿಲ್ಲವೆಂದು ನೆರೆಮನೆಯ ಅಜ್ಜನು ಹೇಳಿದನೆಂದೂ ಬರೆದ ಮೇಲೆ, ಕಡೆಗೆ ಈ ಮಾತುಗಳನ್ನು ಸೇರಿಸಿದ್ದಳು: "ನಮ್ಮ ಮನೆಯ ಕಸವನ್ನು ನಾವು ಹೊಳೆಗೆ ಹಾಕುತ್ತೇವೆ. ರಾತ್ರಿ ಲಾರಿಗಳು ಬಂದು ಹೊಯಿಗೆ ತುಂಬಿಸಿಕೊಂಡು ಹೋಗುತ್ತವೆ. ಆ ಶಬ್ದಕ್ಕೆ ನನಗೆ ಎಚ್ಚರವಾಗುತ್ತದೆ." ನಾವು ಇದನ್ನು ಓದಿ ಬೆಚ್ಚಿದೆವು. ಮನೆಯ ಮಾತು ಶಾಲೆಗೆ ಯಾಕೆ, ಲಾರಿಯವರ ಸಂಗಡ ನಮಗೆ ಯಾಕೆ ವೈರ ಎಂದುಕೊಂಡು ಆ ಮೂರು ಸಾಲುಗಳನ್ನು ಹೊಡೆದುಹಾಕಿಸಿ, ಅವುಗಳ ಬದಲಿಗೆ ನದಿಯು ನಮ್ಮ ಜೀವನಾಡಿಯೆಂದೂ ಅದನ್ನು ನಾವೆಲ್ಲರೂ ನಿರ್ಮಲವಾಗಿ ಕಾಪಾಡುತ್ತೇವೆಂದೂ ಬರೆಯಿಸಿದೆವು. ಹುಡುಗಿಯು ಬರೆದು ಮುಗಿಸಿ, ಸೀಸದ ಕಡ್ಡಿಯನ್ನು ಕೆಳಗಿಟ್ಟು, "ಹಾಗಾದರೆ ನಾನು ನೋಡಿದ್ದು ತಪ್ಪೋ?" ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ಪುಸ್ತಕಕ್ಕೆ ಪೂರ್ಣ ಅಂಕಗಳು ಬಂದವು.

ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಮಗುವು ತನ್ನ ಕಣ್ಣಾರೆ ಕಂಡದ್ದನ್ನು ಬರೆಯುವಾಗ ಅದನ್ನು ತಿದ್ದುವ ಅಧಿಕಾರವು ಹಿರಿಯರಾದ ನಮಗೆ ಎಷ್ಟರ ಮಟ್ಟಿಗೆ ಉಂಟು?

ಮೊದಲು ಇಂಥ ಪಾಠಗಳನ್ನು ಕೊಡುವದು ಯಾಕೆಂದು ತಿಳಿಯೋಣ. ಇದು ಉಪಾಧ್ಯಾಯರ ಹೊಸ ಹುಚ್ಚಲ್ಲ. 1991ರ ನವೆಂಬರ್ ತಿಂಗಳಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಪರಿಸರದ ಶಿಕ್ಷಣವು ಶಾಲೆಗಳಲ್ಲಿ ಕಡ್ಡಾಯವಾಗಿರಬೇಕೆಂದು ನಿರ್ದೇಶಿಸಿತು. 2003ರಲ್ಲಿ ಅದನ್ನು ಮತ್ತೂ ದೃಢಪಡಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬಾಳಿಗೆ ಜೋಡಿಸಬೇಕೆಂದೂ ಬಾಯಿಪಾಠದಿಂದ ಮಕ್ಕಳನ್ನು ಬಿಡಿಸಬೇಕೆಂದೂ ಹೇಳಿತು. ತಾತ್ಪರ್ಯವೇನಂದರೆ, ಮಗುವು ಹೊಳೆಯ ಹೆಸರನ್ನು ಕಲಿತರೆ ಸಾಲದು, ಹೊಳೆಯನ್ನು ನೋಡಲು ಕಲಿಯಬೇಕು. ಹೀಗಿರಲಾಗಿ ಮೊಬೈಲಿನಿಂದ ಬಂದ ಹತ್ತು ಸಾಲುಗಳು ಎಷ್ಟು ಶುದ್ಧವಾಗಿದ್ದರೂ ಪಾಠದ ಉದ್ದೇಶವು ಕೆಟ್ಟುಹೋಯಿತು. ಯಾಕಂದರೆ ಆ ಸಾಲುಗಳನ್ನು ಬರೆದವನು ನಮ್ಮ ಊರಿನ ಹೊಳೆಯನ್ನು ಎಂದೂ ಕಂಡಿರಲಾರನು.

ಹೊಳೆಯನ್ನು ಅಭ್ಯಾಸ ಮಾಡುವ ಮಗುವು ಮೂರು ವಿಧವಾದ ಮಾತುಗಳನ್ನು ಬೇರ್ಪಡಿಸಲು ಕಲಿಯುವದು: ನಾನು ಓದಿದ್ದು, ನಾನು ಕೇಳಿದ್ದು, ನಾನು ಕಂಡದ್ದು. ನೇತ್ರಾವತಿಯು ಕುದುರೆಮುಖದ ಕಡೆಯ ಘಟ್ಟಗಳಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟವಾಳ, ತುಂಬೆಗಳನ್ನು ಹಾದು, ಸುಮಾರು 100 ಕಿಲೋಮೀಟರು ಹರಿದು, ಮಂಗಳೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುವದು. ನಮ್ಮ ಜಿಲ್ಲೆಯಲ್ಲಿ ವರುಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರು ಮಳೆ ಬಿದ್ದರೂ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆಯೇ ಮುಗಿಯುವದು. ಆದಕಾರಣ ಆಷಾಢದಲ್ಲಿ ತೋಟಗಳನ್ನು ಮುಳುಗಿಸುವ ಹೊಳೆಯೇ ವೈಶಾಖದಲ್ಲಿ ಬಂಡೆಗಳ ನಡುವೆ ಎಳೆಯಾಗಿ ಹರಿಯುವದು. ತುಂಬೆಯ ಅಣೆಕಟ್ಟಿನ ನೀರನ್ನು ಕುಡಿಯುವ ಮಂಗಳೂರು ನಗರವು 2016ರ ಮತ್ತು 2019ರ ಬೇಸಿಗೆಗಳಲ್ಲಿ ನೀರನ್ನು ಅಳತೆಮಾಡಿ ಹಂಚಬೇಕಾಯಿತು. ಇವೆಲ್ಲಾ ಓದಿ ತಿಳಿಯಬಹುದಾದವುಗಳು.

ಆದರೆ ಕೇಳಿ ತಿಳಿಯತಕ್ಕವು ಬೇರೆ ಉಂಟು. ರಸ್ತೆಗಳು ಸುಲಭವಾಗುವ ಮೊದಲು ಘಟ್ಟದ ಮೇಲಿನ ಸರಕು ಬಂಟವಾಳಕ್ಕೆ ಬಂದು, ಅಲ್ಲಿಂದ ದೋಣಿಗಳಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ದೋಣಿಗೆ ಹುಟ್ಟು ಹಾಕಿದವರ ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. 1923ರ ಆಗಸ್ಟ್ ತಿಂಗಳಲ್ಲಿ ಬಂದ ಮಹಾ ನೆರೆಯು ಬಂಟವಾಳವನ್ನು ಹಾಳುಮಾಡಿತು; 1974ರಲ್ಲಿ ಇನ್ನೊಂದು ನೆರೆಯು ಬಂತು. 1974ರದ್ದನ್ನು ಕಂಡವರು ಇನ್ನೂ ಜಗಲಿಯ ಮೇಲೆ ಕುಳಿತಿದ್ದಾರೆ. 1923ರದ್ದನ್ನು ಕಣ್ಣಾರೆ ಕಂಡವರು ಸಿಕ್ಕುವದು ದುರ್ಲಭ; ಅವರ ಬಾಯಿಂದ ಕೇಳಿದವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನೀರು ಯಾವ ಮೆಟ್ಟಲಿನ ತನಕ ಏರಿತು, ಯಾರ ಹಟ್ಟಿಯ ದನಗಳನ್ನು ಯಾರು ಬಿಚ್ಚಿಬಿಟ್ಟರು, ಯಾವ ಗುಡ್ಡದ ಮೇಲೆ ಜನರು ರಾತ್ರಿ ಕಳೆದರು ಎಂಬವುಗಳು ಯಾವ ಮುದ್ರಿತ ಪುಸ್ತಕದಲ್ಲಿಯೂ ಇಲ್ಲ. ಮಗುವು ಬಂದು ಕೇಳುವಾಗ "ನನಗೆ ಪುರುಸೊತ್ತಿಲ್ಲ" ಎಂದು ಅಟ್ಟಿಬಿಡುವ ಅಜ್ಜನು ಒಂದು ಮನೆಪಾಠವನ್ನು ಮಾತ್ರವಲ್ಲ, ಊರಿನ ಒಂದು ಸಾಕ್ಷಿಯನ್ನು ತನ್ನ ಸಂಗಡ ಮಣ್ಣಿಗೆ ಒಯ್ಯುವನು. ಹಾಗೆಯೇ ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಬಣ್ಣಿಸುವವನೂ ಮಗುವಿಗೆ ಮೋಸಮಾಡುವನು. "ಇಷ್ಟನ್ನು ನಾನು ಕಂಡೆನು, ಇದನ್ನು ನನ್ನ ತಾಯಿ ಹೇಳಿದಳು, ಮಿಕ್ಕದ್ದು ನನಗೆ ತಿಳಿಯದು" ಎಂದು ಹೇಳುವ ಮುದುಕನ ಮಾತು ಪಂಡಿತನ ಗ್ರಂಥಕ್ಕಿಂತ ಹೆಚ್ಚಿನ ಪಾಠವಾಗಿದೆ.

ಇನ್ನು ಮೂರನೆಯದು, ಮಗುವು ತಾನೇ ಕಂಡದ್ದು. ತೊಂದರೆಯೆಲ್ಲಾ ಇಲ್ಲಿಯೇ. ಓದಿದ್ದು ಯಾರನ್ನೂ ನೋಯಿಸದು. ಕೇಳಿದ್ದು ಹಳೆಯ ಸಂಗತಿ. ಕಂಡದ್ದಾದರೋ ಇಂದಿನದು, ನಮ್ಮದು. ನಮ್ಮ ಹುಡುಗಿಯ ಮೂರು ಸಾಲುಗಳು ನಮ್ಮನ್ನು ಚುಚ್ಚಿದ್ದು ಅವು ಸುಳ್ಳಾದದರಿಂದ ಅಲ್ಲ, ನಿಜವಾದದರಿಂದಲೇ.

ಇದಕ್ಕೆ ನಮ್ಮ ನೆರೆಯವರು ಹೇಳುವ ಆಕ್ಷೇಪಗಳನ್ನು ನಾವು ಅಲ್ಲಗಳೆಯುವದಿಲ್ಲ. ಎಳೆಯ ಮಗುವಿನ ಮೇಲೆ ಊರಿನ ಪಾಪದ ಹೊರೆಯನ್ನು ಯಾಕೆ ಹೊರಿಸಬೇಕು ಎಂದು ಒಬ್ಬರು ಕೇಳುತ್ತಾರೆ. ಹೊರಿಸಬಾರದು ಎಂಬದೇ ನಮ್ಮ ಮತವೂ. ಹತ್ತು ವರುಷದ ಮಗುವು ಹೊಳೆಯನ್ನು ಉಳಿಸಬೇಕೆಂದು ಯಾರೂ ಕೇಳಲಿಲ್ಲ. ಕಂಡದ್ದನ್ನು ಬರೆಯಬೇಕೆಂದು ಮಾತ್ರ ಕೇಳಿದರು. ಕಸವನ್ನು ಹಾಕಿದವರು ನಾವು. ಆ ಹೊರೆಯು ನಮ್ಮದು. ನಾವು ಆ ಸಾಲುಗಳನ್ನು ಹೊಡೆದುಹಾಕಿಸಿದಾಗಲೇ ನಮ್ಮ ಹೊರೆಯನ್ನು ಅವಳ ತಲೆಯ ಮೇಲೆ ಇಟ್ಟೆವು. ಯಾಕಂದರೆ ಅಂದಿನಿಂದ ಅವಳು ತನ್ನ ಕಣ್ಣಿಗೂ ಕೈಗೂ ಮಧ್ಯೆ ಒಂದು ಸುಳ್ಳನ್ನು ಹೊತ್ತುಕೊಂಡು ನಡೆಯಬೇಕಾಯಿತು.

ಹೊಯಿಗೆಯ ಕೆಲಸದಿಂದ ಎಷ್ಟೋ ಬಡವರ ಒಲೆ ಉರಿಯುತ್ತದಲ್ಲಾ ಎಂದು ಇನ್ನೊಬ್ಬರು ಹೇಳುತ್ತಾರೆ. ಇದು ಗಟ್ಟಿಯಾದ ಮಾತು. ನದಿಯಲ್ಲಿ ಮುಳುಗಿ ಬುಟ್ಟಿಯಿಂದ ಹೊಯಿಗೆ ಎತ್ತುವವನು ನಮ್ಮ ಸಹೋದರನೇ. ಮನೆ ಕಟ್ಟಿಸುವಾಗ ನಾವೆಲ್ಲರೂ ಅದನ್ನು ಕೊಂಡವರೇ. ಆದರೆ ಅಳತೆಯಿಲ್ಲದೆ ತೆಗೆದರೆ ಹೊಳೆಯ ತಳವು ತಗ್ಗುವದು, ದಡವು ಕುಸಿಯುವದು, ಬಾವಿಗಳ ನೀರು ಇಳಿಯುವದು, ಅಳಿವೆಯ ಕಡೆಯಿಂದ ಉಪ್ಪುನೀರು ಇನ್ನಷ್ಟು ಒಳಗೆ ಏರುವದು. ಪರಿಸರದ ಅನುಮತಿಯಿಲ್ಲದೆ ಸಣ್ಣ ಗಣಿಗಾರಿಕೆಯನ್ನೂ ನಡಿಸಬಾರದೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿದ್ದು ಇದರಿಂದಲೇ. ಮಗುವು ಎರಡನ್ನೂ ಬರೆಯಲಿ: ಆ ಕೆಲಸದಿಂದ ಯಾರು ಉಣ್ಣುತ್ತಾರೆಂಬದನ್ನೂ, ಯಾರ ಬಾವಿ ಬತ್ತಿತೆಂಬದನ್ನೂ. 2014ರಲ್ಲಿ ಎತ್ತಿನಹೊಳೆಯ ಯೋಜನೆಗೆ ಅಸ್ತಿವಾರ ಹಾಕಿದಾಗಿನಿಂದ, 2024ರಲ್ಲಿ ಅದರ ಮೊದಲನೆಯ ಹಂತವು ಆರಂಭವಾಗುವ ತನಕ, ನಮ್ಮ ಕಡೆಯವರು ನದಿಯು ಸೊರಗುವದೆಂದೂ ಕೋಲಾರದ ಕಡೆಯವರು ತಮಗೆ ಕುಡಿಯಲು ನೀರಿಲ್ಲವೆಂದೂ ವಾದಿಸುತ್ತಾ ಬಂದರು. ಇಬ್ಬರ ಮಾತೂ ಬಾಯಾರಿದವರ ಮಾತೇ. ಒಂದು ಕಡೆಯದನ್ನು ಮಾತ್ರ ಬರೆಯುವ ಪುಸ್ತಕವು ಸುಳ್ಳನ್ನು ಬರೆಯದಿದ್ದರೂ ಸತ್ಯವನ್ನು ಪೂರಾ ಹೇಳಲಿಲ್ಲ.

ಮನೆಯ ಮಾನ ಹೋಗುವದಲ್ಲಾ ಎಂಬದು ಕಡೆಯ ಆಕ್ಷೇಪ. ನಮ್ಮ ಮನಸ್ಸಿನಲ್ಲಿ ಇದ್ದದ್ದೂ ಇದೇ. ಇದಕ್ಕೆ ಉತ್ತರವು ನಮಗೆ ತಲೆಯ ಮೇಲಿನ ಮಾಡಿನಿಂದಲೇ ದೊರೆಯಿತು. 1865ರಲ್ಲಿ ಬಾಸೆಲ್ ಮಿಶನಿನ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಆವೆಮಣ್ಣೇ ಅದಕ್ಕೆ ಬಂಡವಾಳವಾಯಿತು. ಆ ಮಣ್ಣು ದೋಣಿಗಳಲ್ಲಿ ಬಂತು, ಆವಿಗೆಗಳಿಗೆ ಬೇಕಾದ ಸೌದೆ ಕಾಡುಗಳಿಂದ ಬಂತು. ಹಳೆಯ ಕಸುಬನ್ನೂ ನೆಂಟರನ್ನೂ ಕಳೆದುಕೊಂಡಿದ್ದ ನಮ್ಮ ಅಜ್ಜಂದಿರು ಅನೇಕರು ಅಲ್ಲಿ ದುಡಿದು ಅನ್ನ ಕಂಡರು. ನಮ್ಮ ಮನೆಗಳ ಮೇಲೂ ದೇವಾಲಯಗಳ ಮೇಲೂ ಇರುವ ಕೆಂಪು ಹೆಂಚು ಹೊಳೆಯ ದಡದಿಂದ ಅಗೆದ ಮಣ್ಣೇ. ಹೀಗಿರಲಾಗಿ ಹೊಳೆಯ ಚರಿತ್ರೆಯನ್ನು ನಿಜವಾಗಿ ಬರೆದರೆ ಮಾನವಂತರು ಒಂದು ಕಡೆ, ಅಪರಾಧಿಗಳು ಇನ್ನೊಂದು ಕಡೆ ಎಂಬ ಪಂಕ್ತಿಭೇದವು ನಿಲ್ಲದು. ಹೊಳೆಯಿಂದ ತೆಗೆದುಕೊಳ್ಳದವರು ಒಬ್ಬರೂ ಇಲ್ಲ. ನಾವೆಲ್ಲರೂ ಅದರ ಸಾಲಗಾರರು. ಸಾಲಗಾರನಿಗೆ ಲೆಕ್ಕದ ಪುಸ್ತಕವು ಅವಮಾನವಲ್ಲ. ಲೆಕ್ಕವನ್ನು ತಿದ್ದಿದ್ದೇ ಅವಮಾನ. ಸುಳ್ಳುಸಾಕ್ಷಿ ಹೇಳಬಾರದೆಂದು ಭಾನುವಾರ ಕಲಿಸಿ, ಸೋಮವಾರ ಸಂಜೆ ಮಗುವಿನ ಕೈ ಹಿಡಿದು ಅದನ್ನೇ ಬರೆಯಿಸುವದಾದರೆ, ಮಗುವು ಎರಡರಲ್ಲಿ ಯಾವದನ್ನು ಕಲಿಯುವದೆಂದು ನಾವೇ ಊಹಿಸಿಕೊಳ್ಳಬಹುದು.

ಹಾಗಾದರೆ ಏನು ಮಾಡತಕ್ಕದ್ದು? ಮಗುವು ಕೇಳಿದಾಗ ಗೊತ್ತಿದ್ದಷ್ಟನ್ನು ಹೇಳೋಣ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನೋಣ. ಕಡ್ಡಿಯನ್ನು ಅದರ ಕೈಯಿಂದ ಕಸುಕೊಳ್ಳದಿರೋಣ. ಅಕ್ಷರದೋಷವನ್ನು ತೋರಿಸಬಹುದು, ಕಂಡದ್ದನ್ನು ಅಳಿಸಬಾರದು. ಮಳೆಗಾಲದಲ್ಲಿ ಮಗುವನ್ನು ಒಂಟಿಯಾಗಿ ನೀರಿನ ಬಳಿಗೆ ಕಳುಹಿಸದೆ, ನಾವೇ ಸಂಗಡ ಹೋಗಿ ದೂರದಿಂದ ತೋರಿಸೋಣ. ಯಾರ ಹೆಸರನ್ನೂ ಎತ್ತಿ ದೂರುವದು ಮಗುವಿನ ಕೆಲಸವಲ್ಲವೆಂದು ತಿಳಿಸಿಕೊಡೋಣ. ಸಂಗತಿಯನ್ನು ಬರೆದರೆ ಸಾಕು, ದೂರು ಕೊಡಬೇಕಾದರೆ ದೊಡ್ಡವರು ಕೊಡಲಿ. ಉಪಾಧ್ಯಾಯರಾಗಿರುವ ವಾಚಕರಿಗೂ ನಮ್ಮದೊಂದು ಬಿನ್ನಹವುಂಟು: ಅಂದವಾದ ಅಕ್ಷರದ ನಕಲಿಗಿಂತ ಸೊಟ್ಟ ಅಕ್ಷರದ ಸ್ವಂತ ನೋಟಕ್ಕೆ ಹೆಚ್ಚು ಬೆಲೆ ಕೊಡಿರಿ. ಹಾಗೆ ಮಾಡಿದರೆ ಮನೆಗಳಲ್ಲಿ ತಿದ್ದುವ ಕೈಗಳು ತಾವಾಗಿಯೇ ಹಿಂದೆ ಸರಿಯುವವು.

ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಲು ನಮಗೆ ಎಂಟು ದಿವಸ ಬೇಕಾಯಿತು. ಆ ಮೇಲೆ ನಾವು ಅವಳ ಸಂಗಡ ಶಾಲೆಗೆ ಹೋಗಿ, ಕಡೆಯ ಸಾಲುಗಳು ಅವಳವಲ್ಲ, ನಮ್ಮವು ಎಂದು ಹೇಳಿದೆವು. ಉಪಾಧ್ಯಾಯಿನಿಯವರು ನಗಲಿಲ್ಲ, ಗದರಿಸಲೂ ಇಲ್ಲ. ಪುಸ್ತಕವನ್ನು ಹಿಂದಕ್ಕೆ ಕೊಟ್ಟು, "ಅವಳದನ್ನು ಅವಳೇ ಬರೆಯಲಿ," ಎಂದರು. ಅಂದು ಸಂಜೆ ನಾವು ಹಿತ್ತಲಲ್ಲಿ ಒಂದು ಕಸದ ಗುಂಡಿಯನ್ನು ತೋಡಿದೆವು. ಲಾರಿಗಳ ವಿಷಯದಲ್ಲಿ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯಲು ನಮಗೆ ಇನ್ನೂ ಕೆಲವು ತಿಂಗಳ ಧೈರ್ಯ ಬೇಕಾಯಿತು ಎಂಬದನ್ನೂ ಮರೆಮಾಡುವದಿಲ್ಲ. ಹುಡುಗಿಯು ಮೂರು ಸಾಲುಗಳನ್ನು ಪುನಃ ಬರೆದು, ಕೆಳಗೆ ನಾಲ್ಕನೆಯದೊಂದನ್ನು ಸೇರಿಸಿದಳು: "ಈಗ ನಾವು ಕಸವನ್ನು ಗುಂಡಿಗೆ ಹಾಕುತ್ತೇವೆ." ಆ ಸಾಲನ್ನು ಬರೆಯಿಸಿದವರು ಯಾರೂ ಇಲ್ಲ, ಅವಳು ಅದನ್ನು ಕಂಡು ಬರೆದಳು.